ಹಾಡು, ಸಿನಿಮಾ ಕೊಳ್ಳುವುದನ್ನು ನಾವು ಬಿಟ್ಟಿದ್ದು ಹೇಗೆ?

ಹತ್ತು ಹದಿನೈದು ವರ್ಷದ ಹಿಂದೆ ಕನ್ನಡ ಸಿನಿಮಾದ ಆಡಿಯೋ ಬಿಡುಗಡೆ ಅಂದರೆ ಒಂದು ಫೋಟೊ ಖಾಯಂ. ಅತಿಥಿಗಳು ವೇದಿಕೆ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಬಣ್ಣದ ಕಾಗದ ಸುತ್ತಿದ ಪೊಟ್ಟಣ ಬಿಚ್ಚುತ್ತಿದ್ದರು. ಒಳಗಿದ್ದ ಸೀಡಿಯನ್ನು ಎದೆಯೆತ್ತರಕ್ಕೆ ಹಿಡಿದು ಕ್ಯಾಮೆರಾ ನೋಡುತ್ತಿದ್ದರು. ಅದೇ ಸೀಡಿ ಅಂಗಡಿಗೂ ಬರುತ್ತಿತ್ತು. ಈಗಲೂ ಸಮಾರಂಭ ನಡೆಯುತ್ತದೆ, ಅತಿಥಿಗಳೂ ಬರುತ್ತಾರೆ, ಕೈಯಲ್ಲಿ ಹಿಡಿಯಲು ಮಾತ್ರ ಏನೂ ಇಲ್ಲ. ಪರದೆ ಮೇಲೆ ಹಾಡು ಓಡುತ್ತದೆ, ಅಷ್ಟೊತ್ತಿಗೆ ಯೂಟ್ಯೂಬಿನಲ್ಲೂ ಬಂದಿರುತ್ತದೆ. ಈ ಹಾಡು ನನಗೆ ಬೇಕು, ದುಡ್ಡು ಕೊಟ್ಟು ನನ್ನದಾಗಿ ಇಟ್ಟುಕೊಳ್ಳುತ್ತೇನೆ ಅಂತ ಯಾರಾದರೂ ಹೊರಟರೆ ಯಾವ ಅಂಗಡಿಗೆ ಹೋಗಬೇಕು?

ಕೇಳುವುದೇನೂ ಕಡಿಮೆಯಾಗಿಲ್ಲ. ಮೊದಲಿಗಿಂತ ಜಾಸ್ತಿಯೇ ಕೇಳುತ್ತೇವೆ, ನೋಡುತ್ತೇವೆ. ನಿಂತುಹೋಗಿದ್ದು ಕೊಳ್ಳುವುದು. ಕೊಂಡ ಪ್ರತಿ ಕ್ಯಾಸೆಟ್ಟೂ ಊರಿನ ಯಾವುದೋ ಮನೆಯಲ್ಲಿ ಉಳಿಯುವ ಒಂದು ಪ್ರತಿ. ಪ್ರತಿಗಳು ಸಾವಿರಾರು ಮನೆಗಳಲ್ಲಿ ಚದುರಿಕೊಂಡಿದ್ದಷ್ಟು ಕಾಲ ಹಾಡಿಗೆ ಸಾವಿರಾರು ಕಾವಲುಗಾರರಿದ್ದರು. ಒಂದು ಬಗೆಯ ಡಬ್ಬಿಯಿಂದ ಇನ್ನೊಂದಕ್ಕೆ ಸಂಗೀತ ಹಾರಿದಾಗಲೆಲ್ಲ ಒಂದಷ್ಟು ಹಿಂದೆಯೇ ಉಳಿದುಬಿಟ್ಟಿದೆ. ಈ ಸಲ ಉಳಿದಿದ್ದು ತುಂಬಾ ಇದೆ. ಅದಕ್ಕೇ ಈ ಕಥೆಯನ್ನು ಮೊದಲಿನಿಂದ ಹೇಳಬೇಕು.

ಹಾಡು ಕೊಳ್ಳಬಹುದಾದ ವಸ್ತು ಆಗಿದ್ದು ನಮ್ಮಲ್ಲಿ 1902ರಲ್ಲಿ. ಆ ವರ್ಷ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ಇಲ್ಲಿನ ಹಾಡುಗಾರರ ದನಿ ಹಿಡಿದ. ಅವರಲ್ಲಿ ದೊಡ್ಡ ಹೆಸರು ಮಾಡಿದವರು ಗೌಹರ್ ಜಾನ್. ರೆಕಾರ್ಡುಗಳನ್ನು ಅಚ್ಚು ಹಾಕುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರು ಅಂತ ಅಲ್ಲಿನ ಕೆಲಸಗಾರರಿಗೆ ತಿಳಿಯಲಿ ಅಂತ, ಹಾಡು ಮುಗಿಯುತ್ತಿದ್ದಂತೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು. ಈ ಗೌಹರ್ ಜಾನ್ ಕೊನೆಗಾಲದಲ್ಲಿ ಬಂದು ನೆಲೆಸಿದ್ದು ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿದರು. 1930ರ ಜನವರಿಯಲ್ಲಿ ಅವರು ತೀರಿಕೊಂಡಿದ್ದೂ ಮೈಸೂರಿನಲ್ಲೇ.

ಆಗಿನ ರೆಕಾರ್ಡು ಅರಗಿನದು. ನಿಮಿಷಕ್ಕೆ 78 ಸುತ್ತು ಸುತ್ತುತ್ತಿತ್ತು, ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಗಂಟೆಗಟ್ಟಲೆ ಹಾಡುತ್ತಿದ್ದ ರಾಗವನ್ನು ಅಷ್ಟರೊಳಗೆ ತುರುಕಬೇಕಿತ್ತು. ಗ್ರಾಮಫೋನ್ ಪೆಟ್ಟಿಗೆ ಇದ್ದದ್ದು ಸಾಹುಕಾರರ ಮನೆಯಲ್ಲಿ, ಪೇಟೆಯ ಹೋಟೆಲಿನಲ್ಲಿ. ಉಳಿದವರು ಹೊರಗೆ ನಿಂತು ಕೇಳುತ್ತಿದ್ದರು. ಮುಂದೆ 33 ಸುತ್ತಿನ ಎಲ್‌ಪಿ ಬಂತು, ಸಮಯ ಹೆಚ್ಚಿತು, ಬೆಲೆ ಇಳಿಯಲಿಲ್ಲ. ಇನ್ನೂ ಮುಖ್ಯವಾದ ಸಂಗತಿ ಬೇರೆ. ಈ ಇಡೀ ಕಾಲ ಮಾರುಕಟ್ಟೆ ಬಹುಪಾಲು ಒಂದೇ ಕಂಪನಿಯ ಕೈಯಲ್ಲಿತ್ತು. ಎಚ್‌ಎಂವಿ ಗುರುತಿನ ಆ ಕಂಪನಿಯ ಕಾರ್ಖಾನೆ ಕಲ್ಕತ್ತಾದ ಡಂಡಂನಲ್ಲಿತ್ತು. ಕನ್ನಡದಲ್ಲಿ ಯಾವುದು ರೆಕಾರ್ಡ್ ಆಗಬೇಕು, ಯಾವುದು ಬೇಡ ಎನ್ನುವುದೂ ಆ ಕಂಪನಿಯ ಲೆಕ್ಕಾಚಾರಕ್ಕೇ ಬಿಟ್ಟಿದ್ದು.

ಕ್ಯಾಸೆಟ್ ಬಂದಾಗ

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದಿದ್ದು 1963ರಲ್ಲಿ. ಅದು ನಮ್ಮ ಊರುಗಳಿಗೆ ತಲುಪಲು ಹದಿನೈದು ವರ್ಷ ಹಿಡಿಯಿತು. ಕರಾವಳಿಗೆ ಸ್ವಲ್ಪ ಬೇಗ ಬಂತು. ಗಲ್ಫ್‌ಗೆ ದುಡಿಯಲು ಹೋದವರು ರಜೆಗೆ ಬರುವಾಗ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಒಂದರಲ್ಲೇ ಇದ್ದ ಟೂ ಇನ್ ಒನ್ ಹಿಡಿದುಕೊಂಡೇ ಬರುತ್ತಿದ್ದರು. ಎಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಇಲ್ಲೇ ತಯಾರಾಗತೊಡಗಿದ ಮೇಲೆ ಹಳ್ಳಿ ಮನೆಗಳಿಗೂ ಹೊಕ್ಕಿತು.

ರೆಕಾರ್ಡು ಅಚ್ಚು ಹಾಕಲು ದೊಡ್ಡ ಕಾರ್ಖಾನೆ ಬೇಕು. ಕ್ಯಾಸೆಟ್ಟಿಗೆ ಒಂದು ಕೋಣೆ ಸಾಕು. ಮೂಲ ಮುದ್ರಣವಿರುವ ಮಾಸ್ಟರ್ ಟೇಪ್ ಒಂದು, ಪ್ರತಿ ತೆಗೆಯುವ ಯಂತ್ರ ನಾಲ್ಕಾರು. ಅಷ್ಟಿದ್ದರೆ ಕಂಪನಿ ಶುರು. ದಿಲ್ಲಿಯಲ್ಲಿ ಗುಲ್ಶನ್ ಕುಮಾರ್ ಟಿ ಸೀರೀಸ್ ಕಟ್ಟಿದ್ದು ಹೀಗೆ. ಹಳೇ ಹಾಡುಗಳನ್ನು ಬೇರೆಯವರಿಂದ ಹಾಡಿಸಿ, ಕಾನೂನಿನಲ್ಲಿದ್ದ ಅವಕಾಶ ಬಳಸಿಕೊಂಡು, ಎಚ್‌ಎಂವಿಗಿಂತ ಎಷ್ಟೋ ಕಡಿಮೆ ಬೆಲೆಗೆ ಮಾರಿದರು. ಪಾನ್ ಅಂಗಡಿ, ದಿನಸಿ ಅಂಗಡಿ, ಬಸ್ ಸ್ಟ್ಯಾಂಡು ಎಲ್ಲೆಲ್ಲೂ ಇಟ್ಟರು. ಕಲ್ಕತ್ತಾದ ಏಕಸ್ವಾಮ್ಯ ಕೆಲವೇ ವರ್ಷಗಳಲ್ಲಿ ಮುರಿದುಬಿತ್ತು.

ಕನ್ನಡದ ಮಟ್ಟಿಗೆ ಇದು ಬರೀ ಬೆಲೆಯ ಮಾತಲ್ಲ. ಬೆಂಗಳೂರಿನಲ್ಲಿ ಸಂಗೀತಾ, ಲಹರಿಯಂಥ ಕಂಪನಿಗಳು ಎದ್ದು ನಿಂತವು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ, ಸಿನಿಮಾ ನಂಟಿಲ್ಲದ ಕವಿತೆಯೂ ಅಂಗಡಿಯಲ್ಲಿ ಬಿಕರಿಯಾಗುತ್ತದೆ ಅಂತ ಎಲ್ಲರಿಗೂ ಗೊತ್ತಾಯಿತು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ಭಾವಗೀತೆಗಳು ಮನೆಮನೆಯ ಮಾತಾಗಿದ್ದು ಕ್ಯಾಸೆಟ್ಟಿನ ಬೆನ್ನೇರಿ. ಸಿನಿಮಾದಲ್ಲಿ 1987ರ 'ಪ್ರೇಮಲೋಕ' ಲಹರಿಗೆ ದೊಡ್ಡ ಹೆಸರು ತಂದುಕೊಟ್ಟಿತು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಾಲು. ಗುರುರಾಜುಲು ನಾಯ್ಡು ಅವರ ಹರಿಕಥೆಗಳು. ಧೀರೇಂದ್ರ ಗೋಪಾಲ್ ಅವರ ಹಾಸ್ಯದ ಕ್ಯಾಸೆಟ್ಟುಗಳು. ಮಾಸ್ಟರ್ ಹಿರಣ್ಣಯ್ಯನವರ ನಾಟಕಗಳು. ಕರಾವಳಿಯಲ್ಲಿ ಯಕ್ಷಗಾನ, ತಾಳಮದ್ದಳೆ. ಉತ್ತರ ಕರ್ನಾಟಕದಲ್ಲಿ ಶ್ರೀಕೃಷ್ಣ ಪಾರಿಜಾತ, ಡೊಳ್ಳಿನ ಪದ, ಗೀಗೀ ಪದ, ತತ್ವಪದ. ಮೂರು ನಿಮಿಷದ ರೆಕಾರ್ಡಿನಲ್ಲಿ ಇವಕ್ಕೆ ಜಾಗವೇ ಇರಲಿಲ್ಲ. ಅರವತ್ತು ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ, ಅದೂ ಎರಡು ಮೂರು ಭಾಗ ಮಾಡಿದರೆ, ಇಡೀ ಪ್ರಸಂಗವೇ ಹಿಡಿಸುತ್ತಿತ್ತು. ಸಣ್ಣ ಊರಿನ ಸಣ್ಣ ಕಂಪನಿ ಒಂದು ತಾಲ್ಲೂಕಿನ ಕಲಾವಿದರನ್ನು ರೆಕಾರ್ಡ್ ಮಾಡಿ, ಆ ಜಿಲ್ಲೆಯ ಸಂತೆ ಜಾತ್ರೆಗಳಲ್ಲೇ ಮಾರಿ, ಹಾಕಿದ ದುಡ್ಡು ತೆಗೆಯಬಹುದಿತ್ತು. ಅದು ಬೆಂಗಳೂರಿಗೆ ತಲುಪದೇ ಇದ್ದರೂ ನಡೆಯುತ್ತಿತ್ತು. ನಮ್ಮ ಜನ ತಮ್ಮದೇ ಊರಿನ ದನಿಯನ್ನು ದುಡ್ಡು ಕೊಟ್ಟು ಮನೆಗೆ ತಂದ ಕಾಲ ಅದು. ಅದಕ್ಕೆ ಮುಂಚೆ ಹಾಗಿರಲಿಲ್ಲ, ಆಮೇಲೂ ಆಗಲಿಲ್ಲ.

ಹಾಗಂತ ಎಲ್ಲರೂ ಒರಿಜಿನಲ್ ಕ್ಯಾಸೆಟ್ಟನ್ನೇ ಕೊಳ್ಳುತ್ತಿದ್ದರು ಅಂತಲ್ಲ. ಪೇಟೆಯಲ್ಲಿ ರೆಕಾರ್ಡಿಂಗ್ ಸೆಂಟರುಗಳಿದ್ದವು. ಖಾಲಿ ಕ್ಯಾಸೆಟ್ ಮತ್ತು ಚೀಟಿಯಲ್ಲಿ ಹಾಡಿನ ಪಟ್ಟಿ ಕೊಟ್ಟುಬಂದರೆ ಎರಡು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ಮನೆಯಲ್ಲೂ ಒಂದು ಉಪಾಯವಿತ್ತು. ಕಂಪನಿ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಮೂಲೆಯಲ್ಲಿ ಚಿಕ್ಕ ಗುಳಿ ಇರುತ್ತಿತ್ತು. ಅಲ್ಲಿನ ಪ್ಲಾಸ್ಟಿಕ್ ಚೂರು ಮುರಿದಿದ್ದರೆ ರೆಕಾರ್ಡ್ ಗುಂಡಿ ಒತ್ತಲು ಆಗುತ್ತಿರಲಿಲ್ಲ. ಆ ಗುಳಿಗೆ ಕಾಗದದ ಉಂಡೆ ತುರುಕಿ ಮೇಲೆ ಸೆಲೋಟೇಪ್ ಅಂಟಿಸಿದರೆ ಮುಗೀತು, ಹಳೇ ಹಾಡಿನ ಮೇಲೆ ಹೊಸದು ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಅಜ್ಜಿಯ ಸೋಬಾನೆ ಪದ, ಮಗುವಿನ ತೊದಲು ಮಾತು ಉಳಿದಿರುವುದು ಇಂಥ ಕ್ಯಾಸೆಟ್ಟುಗಳಲ್ಲಿ.

ಸಿನಿಮಾದ ದಾರಿ ಬೇರೆ

ಹಾಡಿನಷ್ಟು ಸುಲಭವಾಗಿ ಸಿನಿಮಾ ಮನೆಗೆ ಬರಲಿಲ್ಲ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟೀವಿ ಬಂತು, ಅದರ ಹಿಂದೆಯೇ ವಿಡಿಯೋ ಕ್ಯಾಸೆಟ್ ಓಡಿಸುವ ವಿಸಿಆರ್ ಬಂತು. ಆದರೆ ವಿಡಿಯೋ ಕ್ಯಾಸೆಟ್ ಕೊಂಡವರು ಕಡಿಮೆ. ನಮ್ಮಲ್ಲಿ ಅದು ಪೂರ್ತಿ ಬಾಡಿಗೆ ವ್ಯವಹಾರ. ವಿಡಿಯೋ ಲೈಬ್ರರಿಯಿಂದ ಟೀವಿ, ಕ್ಯಾಸೆಟ್ ಪ್ಲೇಯರ್, ಮೂರು ಕ್ಯಾಸೆಟ್ ಒಟ್ಟಿಗೇ ತಂದು, ಬೀದಿಯವರೆಲ್ಲ ಚಂದಾ ಹಾಕಿ, ರಾತ್ರಿಯಿಡೀ ನೋಡಿ ಬೆಳಿಗ್ಗೆ ವಾಪಸ್ ಕೊಡುವುದು.

ಕೊಳ್ಳುವ ರೂಢಿ ಬಂದಿದ್ದು ವಿಸಿಡಿಯಿಂದ, ಅಂದರೆ ಸಿನಿಮಾ ತುಂಬಿದ ಸೀಡಿಯಿಂದ. 1993ರಲ್ಲಿ ರೂಪುಗೊಂಡ ಈ ಬಗೆಯ ಡಿಸ್ಕ್ ಅಮೆರಿಕದಲ್ಲಿ ಹೆಚ್ಚು ನಡೆಯಲಿಲ್ಲ. ಚೀನಾ, ಆಗ್ನೇಯ ಏಷ್ಯಾ, ಭಾರತದಲ್ಲಿ ಮಾತ್ರ ಮನೆಮನೆಗೆ ಹೋಯಿತು. ಚಿತ್ರದ ಗುಣಮಟ್ಟ ವಿಡಿಯೋ ಕ್ಯಾಸೆಟ್ಟಿನ ಆಸುಪಾಸು. ಒಂದು ಡಿಸ್ಕಿಗೆ ಹಿಡಿಸುತ್ತಿದ್ದದ್ದು 74 ನಿಮಿಷ. ಹಾಗಾಗಿ ಎರಡೂವರೆ ಗಂಟೆಯ ಸಿನಿಮಾ ಎರಡು, ಕೆಲವೊಮ್ಮೆ ಮೂರು ಡಿಸ್ಕಿನಲ್ಲಿ ಬರುತ್ತಿತ್ತು. ನಿರ್ದೇಶಕರು ಎಲ್ಲಿ ಇಂಟರ್‌ವಲ್ ಇಟ್ಟಿದ್ದರೋ ಅಲ್ಲಿ ಡಿಸ್ಕ್ ಮುಗಿಯುತ್ತಿರಲಿಲ್ಲ. ಹಾಡಿನ ನಡುವೆಯೋ ಹೊಡೆದಾಟದ ನಡುವೆಯೋ ಎದ್ದು ಬದಲಾಯಿಸಬೇಕಿತ್ತು. ಆದರೂ ಜನ ಇಷ್ಟಪಟ್ಟರು, ಯಾಕೆಂದರೆ ಪ್ಲೇಯರ್ ಅಗ್ಗ, ಡಿಸ್ಕೂ ಅಗ್ಗ, ಟೇಪಿನ ಹಾಗೆ ಬೂಸ್ಟು ಹಿಡಿಯುವುದಿಲ್ಲ.

ಬೆಲೆ ತಳ ಮುಟ್ಟಿದ್ದು ಮೋಸರ್ ಬೇಯರ್ ಕಾಲದಲ್ಲಿ. ದಿಲ್ಲಿಯ ಈ ಕಂಪನಿ ಮೊದಲು ಫ್ಲಾಪಿ ಮಾಡುತ್ತಿತ್ತು. ಆಮೇಲೆ ಖಾಲಿ ಸೀಡಿ, ಡಿವಿಡಿ ತಯಾರಿಕೆಯಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದಾಯಿತು. 2007ರ ಹೊತ್ತಿಗೆ ಅದು ಸಿನಿಮಾ ಮಾರಾಟಕ್ಕೆ ಇಳಿಯಿತು. ಒರಿಜಿನಲ್ ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ. ಫುಟ್‌ಪಾತಿನ ಕಳ್ಳ ಡಿಸ್ಕಿನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕಳ್ಳ ಮಾಲನ್ನು ಬೆಲೆಯಿಂದಲೇ ಹೊಡೆಯುವ ಲೆಕ್ಕ ಅದು, ಒಳ್ಳೆಯ ಲೆಕ್ಕವೇ. ಕೆಲವು ವರ್ಷ ಬಸ್ ಸ್ಟ್ಯಾಂಡಿನಲ್ಲೂ ಒರಿಜಿನಲ್ ಡಿಸ್ಕ್ ಸಿಕ್ಕವು.

ಕಳ್ಳ ಮಾಲು ಎಷ್ಟು ದೊಡ್ಡ ತಲೆನೋವಾಗಿತ್ತು ಎನ್ನಲು ಒಂದು ಸಾಕ್ಷಿ ಕಾನೂನಿನಲ್ಲೇ ಇದೆ. ಕರ್ನಾಟಕದ 1985ರ ಗೂಂಡಾ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ಕಳ್ಳಬಟ್ಟಿಯವರು, ಜೂಜುಕೋರರು, ಕೊಳೆಗೇರಿ ಕಬಳಿಸುವವರ ಜೊತೆ ಆಡಿಯೋ ವಿಡಿಯೋ ಕಳ್ಳನಕಲು ಮಾಡುವವರೂ ಮುಂದೆ ಸೇರಿದರು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ ಮೇಲೆ ಪೊಲೀಸರು ಆಗಾಗ ದಾಳಿ ಮಾಡುತ್ತಿದ್ದರು, ಮತ್ತೆ ಅಂಗಡಿ ತೆರೆಯುತ್ತಿತ್ತು.

ಬಿದ್ದಿದ್ದು ಯಾವ ಏಟಿಗೆ?

ಇಂಟರ್ನೆಟ್ ಬಂತು, ಸೀಡಿ ಹೋಯಿತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅಮೆರಿಕಕ್ಕೆ ಅದು ಸರಿ. ಅಲ್ಲಿ ಸೀಡಿ ಮಾರಾಟ ತುತ್ತತುದಿ ಮುಟ್ಟಿದ್ದು 2000ದಲ್ಲಿ, ಒಂದೇ ವರ್ಷಕ್ಕೆ ಸುಮಾರು 94 ಕೋಟಿ. ಅದರ ಹಿಂದಿನ ವರ್ಷವಷ್ಟೇ ನ್ಯಾಪ್‌ಸ್ಟರ್ ಶುರುವಾಗಿತ್ತು. ಜನ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರು ಹಾಡು ಎಳೆದುಕೊಳ್ಳತೊಡಗಿದರು. 2003ರಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಅಂಗಡಿ ತೆರೆದು ಹಾಡಿಗೆ 99 ಸೆಂಟ್‌ನಂತೆ ಮಾರಿತು. ಆಮೇಲೆ ಸ್ಟ್ರೀಮಿಂಗ್.

ನಮ್ಮ ದಾರಿ ಹಾಗಿರಲಿಲ್ಲ. ಇಂಟರ್ನೆಟ್ ಮನೆಗೆ ಬರುವ ಮೊದಲೇ ಹಾಡನ್ನು ಕುಗ್ಗಿಸಿ ಇಡುವ ಎಂಪಿ3 ಬಂದಿತ್ತು, ಅದೂ ಡಿಸ್ಕಿನ ಮೇಲೇ. ಹತ್ತು ಹಾಡಿನ ಸೀಡಿ ಇದ್ದ ಜಾಗದಲ್ಲಿ ನೂರಕ್ಕೂ ಹೆಚ್ಚು ಹಾಡಿನ ಎಂಪಿ3 ಸೀಡಿ ಬಂದು ಕೂತಿತು. ಅಲ್ಲಿಗೇ ಆಲ್ಬಮ್ ಸತ್ತಿತು. ಕವಿ ಯಾರು, ಸಂಗೀತ ಯಾರದು ಎಂಬ ವಿವರವೂ ಆಗಲೇ ಕಳಚಿಕೊಂಡಿತು.

ನಿಜವಾದ ಏಟು ಬಿದ್ದಿದ್ದು ಮೊಬೈಲಿನ ಮೆಮೊರಿ ಕಾರ್ಡಿನಿಂದ. ಈ ಅಧ್ಯಾಯವನ್ನು ಹೊರದೇಶದವರು ಬರೆದ ಇತಿಹಾಸಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ, ನಮ್ಮ ಊರುಗಳಲ್ಲಿ ಮಾತ್ರ ಎಲ್ಲರೂ ನೋಡಿದ್ದಾರೆ. 2008ರಿಂದ ಏಳೆಂಟು ವರ್ಷ, ಪ್ರತಿ ರೀಚಾರ್ಜ್ ಅಂಗಡಿಯಲ್ಲೂ ಒಂದು ಕಂಪ್ಯೂಟರ್ ಇರುತ್ತಿತ್ತು. ಅದರಲ್ಲಿ ಫೋಲ್ಡರುಗಳು: ರಾಜ್ ಹಿಟ್ಸ್, ವಿಷ್ಣು ಹಿಟ್ಸ್, ಜನಪದ, ದೇವರ ಹಾಡು, ಹೊಸ ಪಿಕ್ಚರ್. ಚೈನಾ ಸೆಟ್ಟಿನ ಹಿಂಬದಿ ತೆಗೆದು, ಉಗುರಿನಷ್ಟಿನ ಕಾರ್ಡನ್ನು ಬಿಚ್ಚಿ, ಅಡಾಪ್ಟರಿಗೆ ಹಾಕಿ, "ಯಾವ್ದು ಹಾಕ್ಲಿ ಅಣ್ಣಾ?" ಅಂತ ಕೇಳುತ್ತಿದ್ದರು. ಇಪ್ಪತ್ತು ಮೂವತ್ತು ರೂಪಾಯಿಗೆ ಎರಡು ಜಿಬಿ ತುಂಬಿಸಿ ಕೊಡುತ್ತಿದ್ದರು. ಅಂದರೆ ಸುಮಾರು ನಾನೂರು ಹಾಡು. ಕೊಟ್ಟ ದುಡ್ಡಿನಲ್ಲಿ ಹಾಡಿದವರಿಗೆ, ಬರೆದವರಿಗೆ, ಕಂಪನಿಗೆ ಒಂದು ಪೈಸೆ ಹೋಗುತ್ತಿರಲಿಲ್ಲ. ತಾಲ್ಲೂಕಿನ ಸಣ್ಣ ಕ್ಯಾಸೆಟ್ ಕಂಪನಿಗಳು ಮುಚ್ಚಿದ್ದು ಈ ಹೊತ್ತಿನಲ್ಲೇ. ಕಾರ್ಡ್ ತುಂಬಿಸಿಕೊಳ್ಳುತ್ತಿದ್ದವರನ್ನು ಕಳ್ಳರು ಅಂತ ನಾನು ಬೈಯಲಾರೆ. ಅವರಿಗೆ ಕಾನೂನುಬದ್ಧವಾಗಿ ಅಷ್ಟು ಸುಲಭವಾಗಿ ಹಾಡು ಕೊಡುವವರು ಯಾರೂ ಇರಲಿಲ್ಲ.

ಒಬ್ಬರು ಪ್ರಯತ್ನಪಟ್ಟರು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆಯಿತು. ಒಂದು ಹಾಡಿಗೆ ಆರು ರೂಪಾಯಿಯಿಂದ ಬೆಲೆ ಶುರು. ಡೌನ್‌ಲೋಡ್ ಮಾಡಿದ ಎಂಪಿ3ಗೆ ಯಾವ ಬೀಗವೂ ಇರಲಿಲ್ಲ, ಯಾವ ಫೋನಿಗೆ ಬೇಕಾದರೂ ಹಾಕಿಕೊಳ್ಳಬಹುದು. ಹಾಡು ನಿಜಕ್ಕೂ ನಿಮ್ಮದೇ. ಆದರೆ ಸಣ್ಣ ಮೊತ್ತ ಕಟ್ಟಲು ಆಗ ಯುಪಿಐ ಇರಲಿಲ್ಲ. ಆರು ರೂಪಾಯಿಗೆ ಯಾರು ಕಾರ್ಡ್ ನಂಬರ್ ಹೊಡೆಯುತ್ತಾರೆ? 2013ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಭಾರತದಲ್ಲಿ ಹಾಡು ಕೊಳ್ಳುವ ರೂಢಿಗೆ ಸಿಕ್ಕ ಕೊನೆಯ ಒಳ್ಳೆಯ ಅವಕಾಶ ಅದಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅಂಗಡಿಗಳು ಸಾಲಾಗಿ ಮುಚ್ಚಿದವು. ಮ್ಯೂಸಿಕ್ ವರ್ಲ್ಡ್ 2013ರಲ್ಲಿ ಕೋಲ್ಕತಾದ ಪಾರ್ಕ್ ಸ್ಟ್ರೀಟ್ ಮಳಿಗೆಯ ಬಾಗಿಲು ಹಾಕಿತು. ಮುಂಬೈಯ ಹೆಸರಾಂತ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಅದೇ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ತಿಂಗಳುಗಟ್ಟಲೆ ಡೇಟಾ ಪುಕ್ಕಟೆ. ಮೆಮೊರಿ ಕಾರ್ಡ್ ತುಂಬಿಸುವ ಅಂಗಡಿಗೂ ಆಗ ಕೆಲಸ ಇಲ್ಲದಾಯಿತು. ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋ ಎರಡೂ ಭಾರತಕ್ಕೆ ಕಾಲಿಟ್ಟಿದ್ದೂ ಅದೇ ವರ್ಷ. 2018ರಲ್ಲಿ ಮೋಸರ್ ಬೇಯರ್ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ ಹುಟ್ಟಿದ ನೆಟ್‌ಫ್ಲಿಕ್ಸ್, ಅಮೆರಿಕದಲ್ಲಿ ಆ ಸೇವೆಯನ್ನು 2023ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು.

ಚಂದಾ ಕಟ್ಟಿದರೂ ನಮ್ಮದಲ್ಲ

ಸ್ಟ್ರೀಮಿಂಗ್‌ನಿಂದ ಒಳ್ಳೆಯದೇ ಆಗಿಲ್ಲ ಅಂದರೆ ಸುಳ್ಳಾಗುತ್ತದೆ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರು ಹಿಂದೆ ಊರಿಂದ ಬರುವವರ ಸೂಟ್‌ಕೇಸಿಗೆ ಕಾಯಬೇಕಿತ್ತು. ಈಗ ಹಾಡು ಬಿಡುಗಡೆಯಾದ ಗಳಿಗೆಯಲ್ಲೇ ಕೇಳುತ್ತಾರೆ. ಕಳ್ಳ ಪ್ರತಿಯ ಕಾಟ ಹಾಡಿನ ಮಟ್ಟಿಗೆ ತುಂಬಾ ಕಡಿಮೆಯಾಗಿದೆ. ಲಹರಿ, ಆನಂದ್ ಆಡಿಯೋದಂಥ ಬೆಂಗಳೂರಿನ ಕಂಪನಿಗಳು ಯೂಟ್ಯೂಬಿಗೆ ಹೊಂದಿಕೊಂಡು ಬದುಕಿವೆ.

ಆದರೆ ತಿಂಗಳ ಚಂದಾ ಕೊಡುವುದು ಕೇಳುವ ಅನುಮತಿಯನ್ನು ಮಾತ್ರ. ಹಾಡು ಸೇವ್ ಮಾಡಿದರೂ ಅದು ಆ್ಯಪ್ ಒಳಗಿನ ಬೀಗ ಹಾಕಿದ ಕಡತ. 2024ರಲ್ಲಿ ವಿಂಕ್ ಮ್ಯೂಸಿಕ್ ಆ್ಯಪ್ ಮುಚ್ಚಿತು. ಅದರಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡವರು ಬೇರೆ ಕಡೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಸಿನಿಮಾದಲ್ಲಂತೂ ಹಕ್ಕಿನ ಅವಧಿ ಮುಗಿದ ದಿನ ಚಿತ್ರ ಮಾಯ. 'ಖರೀದಿಸಿ' ಎಂಬ ಗುಂಡಿ ಒತ್ತಿ ಪೂರ್ತಿ ದುಡ್ಡು ಕೊಟ್ಟರೂ ಇದೇ ಕಥೆ. ಈ ಕಾರಣಕ್ಕೇ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾಯ್ದೆ ಮಾಡಿತು. ಮಾರುತ್ತಿರುವುದು ಬರೀ ಪರವಾನಗಿ ಅಂತ ಗಿರಾಕಿಗೆ ಸ್ಪಷ್ಟವಾಗಿ ಹೇಳದೆ ಡಿಜಿಟಲ್ ಸರಕಿಗೆ 'ಖರೀದಿ' ಎಂಬ ಮಾತು ಬಳಸುವಂತಿಲ್ಲ. ಅದು 2025ರ ಜನವರಿ 1ರಿಂದ ಜಾರಿಗೆ ಬಂದಿದೆ.

ಕನ್ನಡಕ್ಕೆ ಇದರ ಜೊತೆ ಇನ್ನೂ ಒಂದು ಕಷ್ಟ. ಒಟಿಟಿಯವರು ಕನ್ನಡ ಸಿನಿಮಾ ಕೊಳ್ಳಲು ಹಿಂದೆ ಮುಂದೆ ನೋಡುತ್ತಾರೆ ಅಂತ ನಿರ್ಮಾಪಕರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ದೊಡ್ಡ ನಾಯಕರ ಚಿತ್ರವಾದರೆ ಹೇಗೋ ಜಾಗ ಸಿಗುತ್ತದೆ. ಒಂದು ವಾರ ಓಡಿ ಥಿಯೇಟರಿನಿಂದ ಇಳಿದ ಒಳ್ಳೆಯ ಸಣ್ಣ ಚಿತ್ರ ಎಲ್ಲಿಗೆ ಹೋಗಬೇಕು? ಹದಿನೈದು ವರ್ಷದ ಹಿಂದೆ ಅದು ಅಗ್ಗದ ಡಿಸ್ಕಾಗಿಯಾದರೂ ಬರುತ್ತಿತ್ತು, ಸಾವಿರ ಮನೆಯಲ್ಲಾದರೂ ಉಳಿಯುತ್ತಿತ್ತು.

ಸಣ್ಣ ಕಂಪನಿಗಳು ತಂದ ಹರಿಕಥೆ, ತಾಳಮದ್ದಳೆ, ಪಾರಿಜಾತದ ಎಷ್ಟೋ ಕ್ಯಾಸೆಟ್ಟುಗಳ ಗತಿಯೂ ಅದೇ. ಕಂಪನಿ ಮುಚ್ಚಿದೆ, ಮಾಸ್ಟರ್ ಟೇಪ್ ಎಲ್ಲಿದೆಯೋ ಗೊತ್ತಿಲ್ಲ, ಹಕ್ಕು ಯಾರದು ಅಂತ ಹೇಳುವವರಿಲ್ಲ. ಹಾಗಾಗಿ ಅವು ಯಾವ ಸ್ಟ್ರೀಮಿಂಗ್ ಪಟ್ಟಿಗೂ ಸೇರುವುದಿಲ್ಲ. ಇಂದು ಯೂಟ್ಯೂಬಿನಲ್ಲಿ ಇಂಥವು ಸಿಕ್ಕರೆ ಹಿಂದೆ ಸಣ್ಣಗೆ ಟೇಪಿನ ಸುಯ್ ಎನ್ನುವ ಸದ್ದು ಗಮನಿಸಿ. ಯಾರೋ ಒಬ್ಬರು ಎಂದೋ ಕೊಂಡಿಟ್ಟಿದ್ದ ಕ್ಯಾಸೆಟ್ಟಿನಿಂದ ಇಳಿಸಿ ಹಾಕಿದ್ದು ಅದು.

ಹೊರದೇಶಗಳಲ್ಲಿ ಎಲ್‌ಪಿ ಮತ್ತೆ ಬಂದಿದೆ. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ಎಲ್‌ಪಿ ಮಾರಾಟವಾದವು, ಸೀಡಿ 3.3 ಕೋಟಿ. ಎಂಬತ್ತರ ದಶಕದ ನಂತರ ಎಲ್‌ಪಿ ಸೀಡಿಯನ್ನು ಹಿಂದೆ ಹಾಕಿದ್ದು ಅದೇ ಮೊದಲು. ಕೇಳಲು ಚೆನ್ನಾಗಿದೆ, ಆದರೆ 94 ಕೋಟಿಯ ಎದುರು ಇದು ತೀರಾ ಸಣ್ಣ ಸಂಖ್ಯೆ. ನಮ್ಮಲ್ಲಿ ಎಚ್‌ಎಂವಿಯ ಇಂದಿನ ರೂಪವಾದ ಸಾರೆಗಾಮ 2017ರಲ್ಲಿ ಕಾರವಾನ್ ತಂದಿತು. ಐದು ಸಾವಿರ ಹಾಡು ತುಂಬಿದ ರೇಡಿಯೋದಂಥ ಪೆಟ್ಟಿಗೆ. ಇಂಟರ್ನೆಟ್ ಬೇಡ, ಆ್ಯಪ್ ಬೇಡ. ಮಕ್ಕಳು ಅಪ್ಪ ಅಮ್ಮನಿಗೆ ಕೊಡಿಸಿದರು, ಲಕ್ಷಗಟ್ಟಲೆ ಹೋದವು. ಒಂದು ಸಲ ದುಡ್ಡು ಕೊಟ್ಟು ಮನೆಯಲ್ಲೇ ಇಟ್ಟುಕೊಳ್ಳುವ ಆಸೆ ಇನ್ನೂ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ಆದರೆ ಅದರಲ್ಲಿರುವುದು ಕಂಪನಿ ಆರಿಸಿದ ಹಾಡು. ತಾಲ್ಲೂಕಿನ ಗೀಗೀ ಪದಕ್ಕೆ ಅಲ್ಲಿ ಜಾಗವಿಲ್ಲ.

ಭಾರತದ ಕಾನೂನಿನ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಬಿಡುಗಡೆಯಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. 1978ರಲ್ಲಿ ಬಂದ ಕ್ಯಾಸೆಟ್ಟಿನ ಧ್ವನಿಮುದ್ರಣ ಎಲ್ಲರದಾಗುವುದು 2038 ಕಳೆದ ಮೇಲೆ. ಎಂಬತ್ತು ತೊಂಬತ್ತರ ದಶಕದವು ಇನ್ನೂ ಆಮೇಲೆ. ಅಲ್ಲಿಯವರೆಗೆ ಆ ಟೇಪು ಬದುಕಿರಬೇಕಲ್ವಾ? ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಟೇಪಿಗೆ ಬಿಳಿ ಬೂಸ್ಟು ಹತ್ತುತ್ತದೆ. ಮನೆಯಲ್ಲಿ ಬರೆದ ಸೀಡಿ ಹತ್ತಿಪ್ಪತ್ತು ವರ್ಷಕ್ಕೆ ಓದದಂತಾಗಬಹುದು, ಕಂಪನಿಯಲ್ಲಿ ಅಚ್ಚಾದವು ಹೆಚ್ಚು ಬಾಳುತ್ತವೆ. ಟೇಪು ಚೆನ್ನಾಗಿದ್ದರೂ ಓಡಿಸುವ ಯಂತ್ರ ಬೇಕು, ಅದರ ಬೆಲ್ಟ್ ಬದಲಿಸುವ ಮೆಕ್ಯಾನಿಕ್ ಬೇಕು. ಎರಡೂ ಅಪರೂಪವಾಗುತ್ತಿವೆ.

ಅದಕ್ಕೆ ಅಟ್ಟದ ಮೇಲೆ ಕ್ಯಾಸೆಟ್ ಡಬ್ಬ ಇದ್ದರೆ ಈ ಬೇಸಿಗೆಯಲ್ಲೇ ಇಳಿಸಿ. ಸಿನಿಮಾ ಹಾಡಿನವು ಕಾಯಬಹುದು, ಅವು ಬೇರೆ ಕಡೆ ಸಿಗುತ್ತವೆ. ಮೊದಲು ಊರಿನ ಮೇಳದ್ದು, ಹರಿಕಥೆ, ನಾಟಕ, ಸಣ್ಣ ಕಂಪನಿಯದ್ದು, ಮನೆಯವರ ದನಿ ಇರುವಂಥದ್ದು ಆರಿಸಿ. ಬೂಸ್ಟು ಹಿಡಿದಿದ್ದರೆ ಹಾಗೇ ಓಡಿಸಬೇಡಿ, ಗೊತ್ತಿರುವವರಿಂದ ಸ್ವಚ್ಛ ಮಾಡಿಸಿ. ಟೇಪ್ ರೆಕಾರ್ಡರಿನಲ್ಲಿ ಟೇಪಿಗೆ ತಾಗುವ ಹೆಡ್ ಒರೆಸಿ, ಕ್ಯಾಸೆಟ್ಟನ್ನು ಒಂದು ಸಲ ಪೂರ್ತಿ ಮುಂದಕ್ಕೆ ಹಿಂದಕ್ಕೆ ಸುತ್ತಿಸಿ. ಲೈನ್ ಔಟ್ ಅಥವಾ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಕೊಟ್ಟು, ಆಡಾಸಿಟಿಯಂಥ ಪುಕ್ಕಟೆ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ಎಂಪಿ3 ಬದಲು ದನಿಯ ಗುಣ ಕಳೆಯದ ವೇವ್ ಅಥವಾ ಫ್ಲ್ಯಾಕ್ ಕಡತವಾಗಿ ಉಳಿಸಿ, ಎರಡು ಬೇರೆ ಬೇರೆ ಕಡೆ ಇಡಿ. ಡಬ್ಬಿಯೊಳಗಿನ ಕಾರ್ಡನ್ನು ಬಿಸಾಡಬೇಡಿ. ಹಾಡಿದವರು, ಬರೆದವರು, ಹಾರ್ಮೋನಿಯಂ ನುಡಿಸಿದವರು, ಮದ್ದಳೆ ಬಾರಿಸಿದವರು, ಕಂಪನಿಯ ಊರು, ವರ್ಷ ಎಲ್ಲ ಅದರಲ್ಲೇ ಇರುತ್ತದೆ. ಅದರ ಎರಡೂ ಬದಿಯ ಫೋಟೊ ತೆಗೆದು ಅದೇ ಫೋಲ್ಡರಿಗೆ ಹಾಕಿ.